ಗದ್ದ ಎದೆಗೆ ತಾಗಿದಾಗ

ನನ್ನ ಓರಗಿತ್ತಿಯನ್ನು ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುವುದು. ನಲವತ್ತೆರಡು ವರ್ಷ ಬಟ್ಟೆ ಹೊಲಿದವಳು. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಯನ್ನು ಬೈಯಬಲ್ಲಳು.

ಎಪ್ಪತ್ತೊಂದು ತುಂಬಿದ ಮೇಲೆ ನೀರು ಕುಡಿದರೆ ಕೆಮ್ಮು ಬರತೊಡಗಿತು. ಎರಡು ಸಲ ಎದೆ ಕಟ್ಟಿ ಜ್ವರ ಬಂತು. ನೀರು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತಿದೆ ಎಂದರು ಆಸ್ಪತ್ರೆಯಲ್ಲಿ. ಅವಳ ಮಗ ಅವಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ. ಬೆನ್ನಿಗೊಂದು, ಕತ್ತಿಗೊಂದು ದಿಂಬು. ಮುಖ ಚಾವಣಿ ನೋಡುತ್ತಿತ್ತು. ಮೂಲೆಯಲ್ಲಿದ್ದ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದ. ಒಮ್ಮೆ ಅವಳು ಅಡುಗೆಮನೆಗೆ ನುಸುಳಿ ನೀರು ಕುಡಿದಿದ್ದಳೆಂದು, ಹೊರಗೆ ಹೋಗುವಾಗ ಬಾಗಿಲಿಗೆ ಚಿಲಕವನ್ನೂ ಹಾಕತೊಡಗಿದ. ಪುಡಿ ಬೆರೆಸಿ ಗಟ್ಟಿ ಮಾಡಿದ ನೀರನ್ನು ಚಮಚದಲ್ಲಿ ಅವನೇ ಕುಡಿಸುವನು. ಅದಕ್ಕೂ ಕೆಮ್ಮು. ಗುರುವಾರ ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಯಲ್ಲೂ ಹೀಗೇ ಆದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುವುದೆಂದು ತೀರ್ಮಾನವಾಗಿತ್ತು.

“ಅಕ್ಕಾ, ಒಂದೇ ಒಂದು ಗುಟುಕು ನೀರು ಕೊಡೇ.”

“ಕೊಟ್ರೆ ನಿನ್ ಮಗ ನನಗೂ ಚಿಲಕ ಹಾಕ್ತಾನೆ.”

ಕೊಡಲಿಲ್ಲ. ಪಕ್ಕದಲ್ಲಿ ಕೂತು, ಕೆಮ್ಮಿಗೊಂದು ಗೆರೆಯಂತೆ ಕ್ಯಾಲೆಂಡರಿನ ಹಿಂದೆ ಎಳೆದೆ. ಹತ್ತು ಚಮಚಕ್ಕೆ ಏಳು ಗೆರೆ. ಮಂಗಳವಾರ ಅವಳ ಬೇಸರ ಕಳೆಯಲೆಂದು ನನ್ನ ಹರಿದ ಸೆರಗು ಕೊಟ್ಟೆ. ಬಗ್ಗಿ ಕೈಹೊಲಿಗೆ ಹಾಕುತ್ತಿದ್ದಳು. ಮಗ ಚಮಚ ಹಿಡಿದಾಗ ತಲೆ ಎತ್ತದೆಯೇ ನುಂಗಿದಳು. ಮೂರು ಚಮಚ, ಒಂದು ಗೆರೆಯೂ ಇಲ್ಲ.

“ಬಗ್ಗಿದ್ರೆ ಸಲೀಸಾಗಿ ಇಳಿಯುತ್ತೆ ಕಣೋ.”

“ನೀವು ಯಾವಾಗ ಡಾಕ್ಟರಾದ್ರಿ, ದೊಡ್ಡಮ್ಮ?” ಎಂದು ದಿಂಬು ಸರಿಪಡಿಸಿದ.

ಗುರುವಾರ ಎಕ್ಸ್‌ರೇ ಕೋಣೆಯಲ್ಲಿ ಬಿಳಿ ಔಷಧ ಕುಡಿಸಿದರು. ಅದು ಎತ್ತ ಇಳಿಯುತ್ತದೆಂದು ತೋರಿಸುವ ಪರದೆ ಗಾಜಿನಾಚೆ ನಿಂತ ನಮಗೂ ಕಾಣುತ್ತಿತ್ತು. ಮಗ ಹೇಳಿಕೊಟ್ಟಿದ್ದಂತೆ ಅವಳು ಮುಖ ಎತ್ತಿಯೇ ನುಂಗಿದಳು. ಬಿಳಿ ಎಳೆ ಉಸಿರಿನ ಕೊಳವೆಗೆ ಜಾರಿತು. ಎರಡನೆಯದೂ ಅಷ್ಟೇ. ಮಗ ಹಣೆ ಹಿಡಿದುಕೊಂಡ.

ನಾನು ಗಾಜು ತಟ್ಟಿದೆ. “ಡಾಕ್ಟರಮ್ಮ, ಅವಳ ಮಡಿಲಿಗೊಂದು ಬಟ್ಟೆ ಹಾಕಿ ನೋಡಿ. ಹೊಲಿಯೋ ಹಾಗೆ ಕೂರ್ಲಿ.”

ಆಕೆ ನಕ್ಕಳು, ಆದರೂ ಒಂದು ಟವಲ್ ಕೊಟ್ಟಳು. ಓರಗಿತ್ತಿ ಅಂಚು ಹುಡುಕುತ್ತ ಬಗ್ಗಿದಳು, ಗದ್ದ ಎದೆಗೆ ತಾಗಿತು. ಬಿಳಿ ಎಳೆ ನೆಟ್ಟಗೆ ಅನ್ನನಾಳಕ್ಕೆ ಇಳಿಯಿತು. ಮೂರು ಸಲವೂ.

“ನಳಿಕೆ ಸದ್ಯಕ್ಕೆ ಬೇಡ,” ಎಂದಳು ಡಾಕ್ಟರಮ್ಮ. “ಆದ್ರೆ ಗಟ್ಟಿ ಮಾಡಿದ ನೀರೇ ಕೊಡಿ. ಕುಡಿಯುವಾಗ ಪಕ್ಕದಲ್ಲಿ ಯಾರಾದ್ರೂ ಇರ್ಲೇಬೇಕು.”

ಮಗ ಕತ್ತಿನ ದಿಂಬು ತೆಗೆದ. ಯಂತ್ರದ ಮುಸುಕೂ ತೆಗೆದ. ಈಗ ಅವಳು ಅದರ ಮೇಲೆ ಬಗ್ಗಿಯೇ ಚಮಚ ಚಮಚವಾಗಿ ಕುಡಿಯುತ್ತಾಳೆ. ಕುಡಿಸುವವಳು ನಾನು. ಅವನು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಬೀಳುತ್ತದೆ, ನಮ್ಮಿಬ್ಬರಿಗೂ ಸೇರಿ.