ಎದುರು ಕುರ್ಚಿಯಲ್ಲಿ ಕೂತು ತಿಂದವನು

...ಮೀಸೆ ಇತ್ತು ಎಂದೇ ನನ್ನ ನೆನಪು. ಮೀಸೆಯ ತುದಿಗೆ ಬಿಳಿ ಮಯೊನೀಸ್ ಹತ್ತಿತ್ತು, ಅದನ್ನವನು ಹೆಬ್ಬೆರಳಿನಿಂದ ಒರೆಸಿಕೊಂಡ. ಆದರೆ ಈ ನೆನಪನ್ನು ಎಷ್ಟು ಸಲ ಹೊರತೆಗೆದು ನೋಡಿದ್ದೇನೆಂದರೆ, ಅದರಲ್ಲಿ ಕಂಡದ್ದೆಷ್ಟು, ಆಮೇಲೆ ನಾನೇ ಅಂಟಿಸಿದ್ದೆಷ್ಟು ಎಂದು ಈಗ ಬಿಡಿಸಲು ಬರುವುದಿಲ್ಲ. ಹಾಗಾಗಿ ನೀವು ನಂಬಲೇಬೇಕೆಂದಿಲ್ಲ. ನಾನೂ ಇಂಥವನ್ನು ನಂಬುತ್ತಿರಲಿಲ್ಲ. ಯಾರಾದರೂ ದೆವ್ವ, ಗಾಳಿ ಎಂದು ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ಅಪ್ಪನ ಕಾಲಕ್ಕೇ ದೇವರ ಜಗಲಿ ತೆಗೆದು ಬುದ್ಧನ ಪಟ ಇಟ್ಟಾಗಿತ್ತು. ಅದರ ಜೊತೆ ಇಂಥ ಕತೆಗಳೂ ಹೋಗಿದ್ದವು.

ಮೂರು ವರ್ಷದ ಹಿಂದಿನ ಒಂದು ಶನಿವಾರ, ಸಂಜೆ ಐದರ ಹೊತ್ತು. ನಾನು ವಿಜಯಪುರದ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುವವನು. ಕ್ಲಾಸು ಮುಗಿಸಿ, ಹೊಸದಾಗಿ ತೆರೆದಿದ್ದ ಒಂದು ಚಿಕನ್ ಸ್ಯಾಂಡ್‌ವಿಚ್ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಹೇಳಿ, ಟ್ರೇ ನಾವೇ ತಂದುಕೊಂಡು ಕೂರುವ ಜಾಗ. ಕರಿದ ಕೋಳಿಯ ತುಂಡನ್ನು ಎರಡು ಮೆತ್ತನೆಯ ಬನ್ನುಗಳ ನಡುವೆ ಇಟ್ಟು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಎರಡು ಸಲ ಕಚ್ಚಿದ್ದೆ. ಎದುರಿನ ಕುರ್ಚಿ ಎಳೆದುಕೊಂಡು ಪರಸು ಕೂತ.

ಪರಸು ನಮ್ಮ ಬಿಜ್ಜರಗಿಯವನು. ಒಂದೇ ಬೆಂಚಿನಲ್ಲಿ ಕೂತು ಸಾಲಿ ಕಲಿತವರು ನಾವು. ನಮ್ಮವ್ವನನ್ನು ಚಿಗವ್ವ ಎಂದು ಕರೆಯುತ್ತಿದ್ದ. ಭಾನುವಾರ ನಮ್ಮಲ್ಲಿ ಕೋಳಿ ಮಾಡಿದರೆ ಅವ್ವ ಅವನಿಗೂ ಎರಡು ರೊಟ್ಟಿಯಲ್ಲಿ ಕೋಳಿ ತುಂಡು ಇಟ್ಟು ಅರಿವೆಯಲ್ಲಿ ಕಟ್ಟಿಕೊಡುತ್ತಿದ್ದಳು. ಅವನು ನಮ್ಮ ಮನೆಯಲ್ಲಿ ಕೂತು ಉಣ್ಣುವಂತಿರಲಿಲ್ಲ, ಅದು ಎರಡೂ ಮನೆಯವರಿಗೆ ಗೊತ್ತಿತ್ತು. ಅವರೇನು ಕೋಳಿ ತಿನ್ನದ ಮನೆತನವಲ್ಲ. ಮಾಡಿದ ಕೈ ನಮ್ಮದು, ಅಷ್ಟೇ. ಮರುದಿನ ಅರಿವೆ ವಾಪಸು ಕೊಡುವಾಗ "ಮಸ್ತ್ ಆಗಿತ್ತ ಚಿಗವ್ವಾ" ಎನ್ನುತ್ತಿದ್ದ. ಅವ್ವನಿಗೆ ಅದೊಂದು ಮಾತು ವಾರವಿಡೀ ಸಾಕಾಗುತ್ತಿತ್ತು. ಸಾಯುವ ಮೊದಲು ಆಸ್ಪತ್ರೆಯಲ್ಲೂ ಹೇಳಿದ್ದಳು: "ಊರಾಗ ನನ್ನ ಕೈದು ಉಂಡಾವ ಪರಸು ಒಬ್ಬನ ನೋಡಪಾ."

ಅವತ್ತು ಅಂಗಡಿಯಲ್ಲಿ ಅವನು ನನ್ನ ಟ್ರೇ ನೋಡಿ ನಕ್ಕ.

"ಇದೇನ್ಲೇ ಮಾಸ್ತರ, ಕೋಳಿಗೆ ಗಾದಿ ಹಾಸಿ ಮಲಗಿಸ್ಯಾರಲ್ಲೋ."

ಇನ್ನೊಂದು ತರುತ್ತೇನೆ ಎಂದು ನಾನು ಏಳುವಷ್ಟರಲ್ಲಿ, ನಾನು ಕಚ್ಚಿದ್ದನ್ನೇ ಎತ್ತಿಕೊಂಡು, ಕಚ್ಚಿದ ಕಡೆಯಿಂದಲೇ ತಿಂದ. ಅರ್ಧ ಮುಗಿದ ಮೇಲೆ, ತಲೆ ಎತ್ತದೆ ಹೇಳಿದ:

"ಚಿಗವ್ವ ಕೊಟ್ಟಿದ್ದು ನಾ ಒಂದಿನಾನೂ ತಿಂದಿಲ್ಲೋ. ಹಳ್ಳದ ದಂಡಿಗೆ ಕೂತು ನಾಯಿಗೆ ಹಾಕ್ತಿದ್ದೆ. ಅಪ್ಪನ ಅಂಜಿಕಿ ಅಂತ ಹೇಳಬಹುದು. ಖರೇ ಹೇಳಬೇಕಂದ್ರ, ನನಗ ಬಾಯಾಗ ಇಡಾಕ ಆಗ್ತಿದ್ದಿಲ್ಲ."

ಅವನು ಪೂರ್ತಿ ತಿಂದು, ಕಾಗದ ಮಡಚಿಟ್ಟು, "ಬರ್ತೀನೋ" ಎಂದು ಎದ್ದುಹೋದ. ನನಗೆ ಸಿಟ್ಟು ಬಂದಿತ್ತು, ಸಂತೋಷವೂ ಆಗಿತ್ತು. ಒಬ್ಬ ನನ್ನ ಎಂಜಲು ತಿಂದದ್ದಕ್ಕೇ ಸಂತೋಷಪಡುವ ಸ್ಥಿತಿಗೆ ನಮ್ಮನ್ನು ತಂದಿಟ್ಟಿದ್ದಾರಲ್ಲ ಎಂಬ ಇನ್ನೊಂದು ಸಿಟ್ಟು ಮನೆ ಮುಟ್ಟುವ ಹೊತ್ತಿಗೆ ಬಂತು.

ಹೆಂಡತಿಗೆ ಹೇಳಿದೆ. ಅವಳು ಮೊಬೈಲಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು.

"ಅವರ ದೊಡ್ಡಪ್ಪ ತೀರಿಕೊಂಡು ಎರಡು ದಿನ ಆತ್ರಿ. ಮಕ್ಕಳಿಲ್ಲ, ಮಣ್ಣು ಕೊಟ್ಟಾವ ಪರಸುನ ಅಂತ ಊರ ಗ್ರೂಪಿನ್ಯಾಗ ಹಾಕ್ಯಾರ. ಅವ ಹೆಂಗ ಬರ್ತಾನ?"

ಅವರ ಪದ್ಧತಿಯಲ್ಲಿ ಹೆಣ ಹೂಳಿ ಮಣ್ಣು ಕೊಟ್ಟವನು ಐದು ದಿನ ಊರ ಸೀಮೆ ದಾಟುವಂತಿಲ್ಲ. ಸತ್ತವರು ಮಲಗಿದ್ದ ಜಾಗದಲ್ಲಿ ದೀಪ ಕಾಯುತ್ತ ಕೂರಬೇಕು. ಕೋಳಿಯ ಮಾತಂತೂ ಇಲ್ಲ.

ಮರುದಿನ ಸತ್ತ ಮನೆಯವರನ್ನು ಮಾತಾಡಿಸಿ ಬರುವ ನೆಪದಲ್ಲಿ ಟಿಕೋಟಾ ದಾರಿಯ ಬಸ್ಸು ಹತ್ತಿ ಊರಿಗೆ ಹೋದೆ. ಅವರ ಮನೆಯ ಕಟ್ಟೆಯ ಮೇಲೆ ಏಳೆಂಟು ಹಿರಿಯರು. ಹೊಸ್ತಿಲ ಒಳಗೇ ದೀಪದ ಪಕ್ಕ ಪರಸು, ನಾನು ಹೊಸ್ತಿಲ ಈಚೆ ಕೂತೆ. ತಲೆ ನುಣ್ಣಗೆ ಬೋಳಿಸಿತ್ತು. ಮೀಸೆ ಇರಲಿಲ್ಲ. ಮಣ್ಣಿನ ದಿನವೇ ತೆಗೆಸಿದ್ದರು.

ಎಲ್ಲರಿಗೂ ಕಾಗದದ ಕಪ್ಪಿನಲ್ಲಿ ಚಹಾ ಬಂತು. ಕಾಗದದ ಕಪ್ಪು ಬಂದ ಮೇಲೆ ಊರಿಗೆ ಬಹಳ ಅನುಕೂಲವಾಗಿದೆ. ಯಾರ ಬಟ್ಟಲು ಬೇರೆ ಇಡಬೇಕು ಎಂಬ ಪಂಚಾಯಿತಿಯೇ ಇಲ್ಲ. ಎಲ್ಲರದೂ ತಿಪ್ಪೆಗೆ.

ನಿನ್ನೆ ವಿಜಯಪುರದಲ್ಲಿ ಸಿಕ್ಕಿದ್ದೆಯಲ್ಲ ಎಂದು ಪರಸುವನ್ನು ಕೇಳಿದೆ.

"ಯಾವಾಗೋ? ನಾ ಈ ಜಾಗಾ ಬಿಟ್ಟು ಎದ್ದಿಲ್ಲ. ಬೇಕಾರ ಇವರನ್ನ ಕೇಳು."

ಕಟ್ಟೆಯ ಮೇಲಿಂದ ಒಬ್ಬ ಮುದುಕ, "ಮಣ್ಣು ಕೊಟ್ಟಾವ ಸೀಮಿ ದಾಟ್ತಾನೇನೋ ಮಾಸ್ತರ? ಬಿಸಲಿಗೆ ತಲಿ ತಿರಗೈತಿ ನಿಂದು, ಮಜ್ಜಿಗಿ ಕುಡಿ" ಎಂದ. ಸತ್ತ ಮನೆ ಎಂಬುದನ್ನು ಮರೆತು ಎಲ್ಲರೂ ನಕ್ಕರು. ಪರಸುವೂ ನಕ್ಕ.

ನಗೆ ನಿಂತ ಮೇಲೆ ಅವನ ಹತ್ತಿರ ಬಾಗಿ, ಅವನಿಗಷ್ಟೇ ಕೇಳುವಂತೆ, "ಹಳ್ಳದ ದಂಡಿ ನಾಯಿ ಎಲ್ಲಿ ಹೋತೋ?" ಎಂದೆ.

ಅವನ ಮುಖದಿಂದ ನಗೆ ಹೋಯಿತು. ದೀಪದ ಬತ್ತಿ ಸರಿಮಾಡಿದ. ಆಮೇಲೆ, "ಅದನ್ನ ನಿನಗ ಯಾರು ಹೇಳಿದ್ರು?" ಎಂದು ಕೇಳಿದ.

ಅಂದಿನಿಂದ ನಾವು ಮಾತಾಡಿಲ್ಲ.

ಎಲ್ಲ ರೀತಿಯಲ್ಲೂ ಯೋಚಿಸಿ ನೋಡಿದ್ದೇನೆ. ಚಿಕ್ಕಂದಿನಲ್ಲಿ ಹಳ್ಳದ ದಂಡೆಯಲ್ಲಿ ಅದನ್ನು ನಾನೇ ಕಣ್ಣಾರೆ ಕಂಡು, ಅವ್ವನಿಗಾಗಿ ನನ್ನಿಂದಲೇ ಮುಚ್ಚಿಟ್ಟುಕೊಂಡಿದ್ದಿರಬಹುದು. ಅವನು ಕದ್ದು ಬಂದು ಹೋಗಿದ್ದರೆ, ಸೂತಕದಲ್ಲಿ ಕೋಳಿ ತಿಂದೆ, ಅದೂ ನನ್ನ ಎಂಜಲು ತಿಂದೆ ಎಂದು ಆ ಮನೆಯಲ್ಲಿ ಹೇಗೆ ಒಪ್ಪಿಕೊಂಡಾನು? ಅಂಗಡಿಯಲ್ಲಿ ಕ್ಯಾಮೆರಾ ಇತ್ತು, ತೋರಿಸಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕುರ್ಚಿ ಖಾಲಿ ಕಂಡರೆ ಅವನು ನಮ್ಮ ಕೈಯದನ್ನು ಎಂದೂ ತಿಂದಿಲ್ಲ ಎಂದಾಗುತ್ತಿತ್ತು. ಅವನೇ ಕಂಡರೆ, ತಿಂದು ಹೋಗಿ ಆಮೇಲೆ ಬಂದೇ ಇಲ್ಲವೆಂದ ಎಂದಾಗುತ್ತಿತ್ತು. ಯಾವುದನ್ನು ಹೊತ್ತುಕೊಂಡು ಮನೆಗೆ ಬರಬೇಕಿತ್ತು?

ಅವತ್ತು ನನ್ನೆದುರು ಕೂತು ತಿಂದವನು ಯಾರು ಎಂಬುದು ನನಗೆ ಗೊತ್ತಿಲ್ಲ. ಅವ್ವ ಬದುಕಿದ್ದಿದ್ದರೆ ಅವಳಿಗೆ ಏನು ಹೇಳುತ್ತಿದ್ದೆನೋ, ಅದೂ ಗೊತ್ತಿಲ್ಲ.