ಉಲ್ಲನ್ ಅಂಗಡಿಯ ಮೇಲಿನ ಮನೆ

ನಾನು ಈಗ ಇರುವ ಮನೆ ಐರ್ಲೆಂಡಿನ ಅತ್ಲೋನ್ ಊರಿನ ನಡುಮಧ್ಯದಲ್ಲಿದೆ. ಎರಡನೇ ಮಹಡಿ, ಲಿಫ್ಟ್ ಇದೆ. ಅಡುಗೆಮನೆ ಕಿಟಕಿಯಿಂದ ಬಗ್ಗಿ ನೋಡಿದರೆ ಕಲ್ಲು ಹಾಸಿದ ಚೌಕ, ಸುತ್ತ ಗಾಜಿನ ಅಂಗಡಿಗಳು, ಚಳಿಯಲ್ಲೂ ಹೊರಗೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವ ಜನ. ಊರು ಬೆಳೆದಿದೆ ಎಂದು ಎಲ್ಲರೂ ಹೇಳುತ್ತಾರೆ. ಬೆಳೆದಿದೆ, ಸುಳ್ಳಲ್ಲ. ಆದರೆ ಈ ಮನೆ ನಿಂತಿರುವ ಜಾಗದಲ್ಲಿ ಮೊದಲು ಒಂದು ಓಣಿ ಇತ್ತು. ಓಣಿಯಲ್ಲಿ ಒಂದು ಉಲ್ಲನ್ ಅಂಗಡಿ ಇತ್ತು. ಅದು ಹೇಗೆ ಹೋಯಿತು, ನಾವು ಹೇಗೆ ಬಂದೆವು ಅನ್ನುವುದನ್ನು ಬರೆಯುತ್ತೇನೆ. ಬೇರೆಯವರು ಇನ್ನೂ ಚೆನ್ನಾಗಿ ಬರೆದಾರು. ಆದರೆ ಅವರು ಅಲ್ಲಿರಲಿಲ್ಲ.

ನನ್ನ ಮಗಳು ಇಲ್ಲಿ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಮೊಮ್ಮಗಳನ್ನು ನೋಡಿಕೊಳ್ಳಲು ಬಂದವಳು ಹೋಗಿ ಬಂದು ಮಾಡಿ ಕೊನೆಗೆ ಇಲ್ಲೇ ಉಳಿದೆ. ಅದಕ್ಕೆ ಮುಂಚೆ ನಮ್ಮೂರ ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಿದ್ದೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಊರು. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಗಂಡ ಬೇಗ ಸತ್ತ. ಮಗಳನ್ನು ಓದಿಸಿದ್ದು ಹೂವು.

ಉಲ್ಲನ್ ಅಂಗಡಿಗೆ ನಾನು ಮೊದಲು ಹೋದದ್ದು ದಾರಕ್ಕೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮಗಳು ಸೂಪರ್ ಮಾರ್ಕೆಟ್ಟಿನಿಂದ ಸೇವಂತಿಗೆ ತಂದಿದ್ದಳು. ಕಟ್ಟುವುದಕ್ಕೆ ಬಾಳೆನಾರು ಇಲ್ಲಿ ಎಲ್ಲಿ ಸಿಗಬೇಕು? ಬಟ್ಟೆ ಹೊಲಿಯುವ ದಾರ ಹೂವಿನ ತೊಟ್ಟನ್ನೇ ಕತ್ತರಿಸುತ್ತದೆ. ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟು ಬರುವಾಗ ಆ ಓಣಿಯಲ್ಲಿ ದಾರದ ಉಂಡೆಗಳು ಕಂಡವು, ಒಳಗೆ ಹೋದೆ. ಅಂಗಡಿಯವಳಿಗೆ ನನ್ನಷ್ಟೇ ವಯಸ್ಸು. ಕತ್ತರಿಸಿದ ಬಿಳಿ ಕೂದಲು, ಗಂಡಸರ ಸ್ವೆಟರ್. ಒಂದೊಂದೇ ದಾರ ತೆಗೆದು ತೋರಿಸಿದಳು. ನಾನು ಒಂದೊಂದನ್ನೂ ಬೆರಳಿಗೆ ಸುತ್ತಿ ಎಳೆದು ಬೇಡ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಕೌಂಟರ್ ಮೇಲೆ ಲೋಟದಲ್ಲಿ ಅವಳು ಇಟ್ಟುಕೊಂಡಿದ್ದ ಹೂವನ್ನು ಕೇಳದೆಯೇ ತೆಗೆದುಕೊಂಡು ಅಲ್ಲೇ ಕಟ್ಟಿ ತೋರಿಸಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತಾ ನಿಂತಳು. ಒಳಗಿನಿಂದ ದಪ್ಪ ಹತ್ತಿ ದಾರ ತಂದು ಕೊಟ್ಟಳು. ಮಾರನೇ ದಿನ ಹೋದಾಗ ನನಗೆಂದು ಒಂದು ಸ್ಟೂಲ್ ಹಾಕಿದ್ದಳು.

ಆಮೇಲೆ ದಿನಾ ಹೋದೆ. ನನಗೆ ಬರುವ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವಳಿಗೆ ಕನ್ನಡ ಇಲ್ಲವೇ ಇಲ್ಲ. ಅವಳು ಹೆಣೆಯುತ್ತಿದ್ದಳು, ನಾನು ಉಳಿದ ಉಲ್ಲನ್ ತುಂಡುಗಳನ್ನು ಮೊಗ್ಗಿನ ಹಾಗೆ ಮಡಿಸಿ ಮಾಲೆ ಕಟ್ಟುತ್ತಿದ್ದೆ. ಅದನ್ನು ಅವಳು ಕಿಟಕಿಗೆ ತೂಗುಹಾಕುತ್ತಿದ್ದಳು. ನನ್ನನ್ನು ಮಿಸಸ್ ಅನ್ನುತ್ತಿದ್ದಳು. ಮಳೆ ಬಂದರೂ ಗ್ರ್ಯಾಂಡ್, ಮಂಡಿ ನೋವಾದರೂ ಗ್ರ್ಯಾಂಡ್. ಮನೆಯಲ್ಲಿ ಊಟ ಸಾಕಾ ಅಂತ ಕೇಳಿದರೆ ಮೊಮ್ಮಗಳೂ ಅದನ್ನೇ ಹೇಳುತ್ತಿದ್ದಳು, ಹಾಗಾಗಿ ಚೆನ್ನಾಗಿದೆ, ಪರವಾಗಿಲ್ಲ ಅನ್ನುವ ಆ ಮಾತು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಓಣಿಯ ಗೋಡೆಗೆ ದೊಡ್ಡ ಚಿತ್ರ ಅಂಟಿಸಿದ್ದರು. ಎತ್ತರದ ಕಟ್ಟಡ, ಮರ, ಸೈಕಲ್ ಮೇಲೆ ಹುಡುಗಿ. ಆ ಚಿತ್ರವನ್ನು ನಾನು ಮೊದಲೇ ನೋಡಿದ್ದೆ. ನಮ್ಮ ಫ್ರಿಜ್ಜಿನ ಮೇಲೆ ಮಗಳು ಅಂಟಿಸಿದ್ದಳು. ಮಗಳು ಕೆಲಸದಿಂದ ಬಂದ ಕೂಡಲೇ ಕೇಳಿದೆ.

“ಇದು ಆ ಓಣಿ ಅಲ್ವೇನೇ?”

“ಹೂಂ ಅಮ್ಮ. ಅಲ್ಲೇ ಕಟ್ಟೋದು. ಕೆಳಗೆ ಶಾಪ್ಸ್, ಮೇಲೆ ಅಪಾರ್ಟ್‌ಮೆಂಟ್. ನಾವೂ ಹೆಸರು ಬರೆಸಿದ್ದೀವಿ.”

“ಅಲ್ಲಿ ಆಗ್ಲೇ ಅಂಗ್ಡಿಗಳವಲ್ಲೇ.”

“ಎಲ್ರೂ ಒಪ್ಕೊಂಡು ಬಿಟ್ಟಿದ್ದಾರೆ. ನಿನ್ನ ಫ್ರೆಂಡ್ ಒಬ್ರೇ ಬಾಕಿ. ಹೊಸ ಬಿಲ್ಡಿಂಗಲ್ಲಿ ಅವರಿಗೂ ಒಂದು ಶಾಪ್ ಕೊಡ್ತಾರಂತೆ. ತಗೊಂಡ್ರೂ ಸರಿ, ಬೇಡ ಅಂತ ಕೀ ಕೊಟ್ರೂ ಸರಿ. ಏನೂ ಹೇಳ್ದೆ ಕೂತಿದ್ದಾರೆ. ಕೆಲಸಾನೇ ಶುರುವಾಗ್ತಿಲ್ಲ.”

“ಅವ್ಳ ಅಂಗ್ಡಿ, ಅವ್ಳು ಕೂತವ್ಳೆ. ನಿಂಗೇನು?”

“ನಂಗೇನಾ? ಈ ಮನೆ ಓನರ್ ಮಾರ್ತೀನಿ ಅಂತ ತುದಿಗಾಲಲ್ಲಿ ನಿಂತಿದ್ದಾನೆ. ಬಾಡಿಗೆಗೆ ಒಂದು ಮನೆ ಖಾಲಿ ಆದ್ರೆ ಬೀದಿ ತುಂಬ ಕ್ಯೂ ನಿಲ್ತಾರೆ. ನೀನೂ ಬಂದಿದ್ದೆ, ನೋಡಿದ್ದೀಯ. ಅದು ಆಗ್ಲಿಲ್ಲ ಅಂದ್ರೆ ನಾವು ಮತ್ತೆ ಡಬ್ಲಿನ್ ಕಡೆ ಹೋಗಿ ಎಲ್ಲೋ ಒಂದು ರೂಮಲ್ಲಿ ಸೇರ್ಕೋಬೇಕು. ನಿನ್ನ ಎಲ್ಲಿ ಮಲಗಿಸ್ಲಿ?”

ಆ ಕ್ಯೂನಲ್ಲಿ ನಾನೂ ನಿಂತಿದ್ದೆ. ಮಗಳು ಸುಳ್ಳು ಹೇಳುತ್ತಿರಲಿಲ್ಲ.

ಅದಾದ ಮೇಲೂ ಅಂಗಡಿಗೆ ಹೋಗುತ್ತಿದ್ದೆ. ಆ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಓಣಿಯ ಬೇರೆ ಅಂಗಡಿಗಳಿಗೆ ಹಲಗೆ ಹೊಡೆದರು. ಚಪ್ಪಲಿ ರಿಪೇರಿಯವನು ಹೋದ, ಕ್ಷೌರದ ಅಂಗಡಿ ಹೋಯಿತು. ಒಂದು ದಿನ ಅವಳು ಕೌಂಟರ್ ಮೇಲೆ ಹೊಸ ಕಟ್ಟಡದ ನಕ್ಷೆ ಹಾಸಿಕೊಂಡು ಕೂತಿದ್ದಳು. ನನ್ನನ್ನು ತೋರಿಸಿ “ಮಾರ್ಕೆಟ್” ಅಂದಳು, ನಕ್ಷೆಯನ್ನು ತೋರಿಸಿದಳು, ಮಗಳನ್ನು ಕರೆದುಕೊಂಡು ಬಾ ಅಂತ ಸನ್ನೆ ಮಾಡಿದಳು. ನಮ್ಮೂರಲ್ಲೂ ನಮ್ಮನ್ನು ಮಾರ್ಕೆಟ್ಟಿನಿಂದ ಎಬ್ಬಿಸಿದ್ದರು ಅನ್ನುವುದನ್ನು ಮಗಳು ಯಾವಾಗಲೋ ಅವಳಿಗೆ ಹೇಳಿದ್ದಳು.

ಶನಿವಾರ ಮಗಳು ಖುಷಿಯಾಗಿಯೇ ಬಂದಳು. ಮುದುಕಿಯನ್ನು ಒಪ್ಪಿಸಿಬಿಡಬಹುದು ಅಂತ ಅವಳ ಲೆಕ್ಕ. ಉಲ್ಲನ್ ಅಂಗಡಿಯವಳು ಚಹಾ ಕೊಟ್ಟು, ಬಾಗಿಲಿಗೆ ಚಿಲಕ ಹಾಕಿ ಬಂದು ಕೂತು, ನಿಧಾನವಾಗಿ ಕೇಳಿದಳು. ಮಗಳು ತಿರುಗಿ ನನಗೆ ಹೇಳಿದಳು.

“ನಿಮ್ಮೂರಲ್ಲಿ ರೋಡಿಂದ ಎಬ್ಬಿಸಿ ಹೊಸ ಬಿಲ್ಡಿಂಗಲ್ಲಿ ಅಂಗಡಿ ಕೊಟ್ರಲ್ಲ, ಅಲ್ಲಿ ವ್ಯಾಪಾರ ಆಯ್ತಾ ಅಂತ ಕೇಳ್ತಿದ್ದಾರೆ. ನೀವು ಏನ್ ಹೇಳ್ತೀರೋ ಅದನ್ನ ಕೇಳಿ ಡಿಸೈಡ್ ಮಾಡ್ತಾರಂತೆ.” ಅದೇ ಉಸಿರಿನಲ್ಲಿ ಸೇರಿಸಿದಳು, “ಅಮ್ಮ, ನೋಡ್ಕೊಂಡು ಹೇಳು.”

ನಾನು ಆದದ್ದನ್ನು ಹೇಳಿದೆ.

ನಮ್ಮೂರ ಮಾರ್ಕೆಟ್ ರಸ್ತೆ ಅಗಲ ಮಾಡಿದಾಗ ಹೂವಿನವರನ್ನೆಲ್ಲ ಫುಟ್‌ಪಾತಿನಿಂದ ಎಬ್ಬಿಸಿದರು. ಹಿಂದೆಯೇ ಕಾಂಪ್ಲೆಕ್ಸ್ ಕಟ್ಟಿಸಿ ಒಬ್ಬೊಬ್ಬರಿಗೆ ಒಂದೊಂದು ಮಳಿಗೆ ಅಂದರು. ಮೋಸ ಮಾಡಲಿಲ್ಲ, ಕೊಟ್ಟರು. ಯಾವುದು ಬೇಕೋ ಆರಿಸಿಕೊಳ್ಳಿ ಅಂತಲೂ ಅಂದರು. ರಸ್ತೆ ಕಡೆ ಇದ್ದ ಮಳಿಗೆಗಳಿಗೆ ದಕ್ಷಿಣದ ಬಾಗಿಲು. ನಮ್ಮ ಸಂಘದ ಹಿರಿಯರು ವಾಸ್ತು ನೋಡುವವನನ್ನು ಕರೆಸಿದರು. ಅವನು ಅಂಗೈಯಲ್ಲಿ ದಿಕ್ಸೂಚಿ ಇಟ್ಟುಕೊಂಡು ಸುತ್ತಿ ಬಂದು, ದಕ್ಷಿಣದ ಬಾಗಿಲು ಯಮನ ಬಾಗಿಲು, ಹೂವು ಲಕ್ಷ್ಮಿ, ಪೂರ್ವಕ್ಕೇ ಇರಬೇಕು ಅಂದ. ಹೆಂಗಸರು ನಾವೆಲ್ಲ ಪೂರ್ವದ ಮಳಿಗೆಗೆ ಜಗಳ ಆಡಿ ಗೆದ್ದೆವು. ಸಿಕ್ಕಿದವರು ಕುಂಬಳಕಾಯಿ ಒಡೆದೆವು. ದಕ್ಷಿಣದವನ್ನು ಬೇಡ ಅಂತ ಬಿಟ್ಟೆವು, ಮೊಬೈಲ್ ಅಂಗಡಿಯವರು ತೆಗೆದುಕೊಂಡರು.

ಪೂರ್ವಕ್ಕೆ ಇದ್ದದ್ದು ಕಾಂಪೌಂಡ್ ಗೋಡೆ. ಗೋಡೆಯ ಪಕ್ಕ ಚರಂಡಿ. ಅಲ್ಲಿಗೆ ಗಂಡಸರು ಉಚ್ಚೆ ಹುಯ್ಯುವುದಕ್ಕೆ ಬರುತ್ತಿದ್ದರೇ ಹೊರತು ಹೂವಿಗೆ ಒಬ್ಬರೂ ಬರಲಿಲ್ಲ. ಬಸ್ಸಿಳಿದು ಮನೆಗೆ ಓಡುವವಳು ಒಂದು ಮೊಳ ಮಲ್ಲಿಗೆಗೆ ಕಟ್ಟಡ ಸುತ್ತಿಕೊಂಡು ಆ ಗೋಡೆ ಕಡೆಗೆ ಬರುತ್ತಾಳೆಯೆ? ಫುಟ್‌ಪಾತಿನಲ್ಲಿ ಅಷ್ಟು ವರ್ಷ ನಾವು ದಕ್ಷಿಣಕ್ಕೇ ಮುಖ ಮಾಡಿ ಕೂತಿದ್ದೆವು. ಯಾರಿಗೂ ಅದು ಹೊಳೆಯಲಿಲ್ಲ. ಬುಟ್ಟಿಗೆ ಬಾಗಿಲು ಇರಲಿಲ್ಲವಲ್ಲ, ದಿಕ್ಕು ಯಾರು ನೋಡುತ್ತಾರೆ. ಕೆಲವರು ಮತ್ತೆ ಬುಟ್ಟಿ ಎತ್ತಿಕೊಂಡು ಗೇಟಿನ ಹತ್ತಿರ ಕೂತರು. ವ್ಯಾನು ಬಂದು ಬುಟ್ಟಿ ಎತ್ತಿಕೊಂಡು ಹೋಯಿತು. ನಾನು ಮಳಿಗೆ ಬಿಟ್ಟು ಕಲ್ಯಾಣಮಂಟಪದವರಿಗೆ ಮನೆಯಲ್ಲೇ ಹಾರ ಕಟ್ಟಿಕೊಡುವ ಕೂಲಿಗೆ ಸೇರಿದೆ.

ಇಷ್ಟು ಹೇಳಿ “ಈಗ ಅವ್ಳಿಗೆ ಹೇಳು” ಅಂದೆ.

ಮಗಳು ಶುರು ಮಾಡಿದಳು. ಬಹಳ ಚುಟುಕಾಗಿ ಮುಗಿಯುವ ಹಾಗಿತ್ತು. ನಡುವೆ ಗುಡ್ ಅನ್ನುವುದೊಂದು ಕಿವಿಗೆ ಬಿತ್ತು.

“ನಿಲ್ಸು. ನಾನು ಗುಡ್ ಅಂತ ಎಲ್ಲೇ ಅಂದೆ?”

ಅವಳ ಮುಖ ಕೆಂಪಾಯಿತು. “ಅಮ್ಮ, ಎಲ್ಲಾ ಬಿಡಿಸಿ ಹೇಳೋ ಅಗತ್ಯ ಇಲ್ಲ. ಅದು ಊರು, ಇದು ಐರ್ಲೆಂಡ್.”

“ಗಿರಾಕಿ ಕಾಲು ಎಲ್ಲ ಕಡೆನೂ ಕಾಲೇ ಕಣೇ, ಸುತ್ತಿ ಬರಕಿಲ್ಲ. ನಾನು ಹೇಳಿದ್ದು ಹೇಳು. ಇಲ್ಲಾಂದ್ರೆ ಎದ್ದು ನಿಂತ್ಕೊಂಡು ಕೈಬಾಯಿ ಮಾಡಿ ನಾನೇ ತೋರುಸ್ತೀನಿ. ಉಚ್ಚೆ ಹುಯ್ಯೋದೂ ತೋರುಸ್ತೀನಿ.”

“ನಮಗೂ ಮನೆ ಬೇಡ್ವಾ?”

“ಬೇಕು. ಅದ್ನೂ ಹೇಳು. ನಿನ್ನ ಅಂಗ್ಡಿ ಮೇಲೆ ನಮ್ ಮನೆ ಬತ್ತದೆ, ಅದಕ್ಕೇ ನನ್ ಮಗ್ಳು ಮಾತು ಸಿಹಿ ಮಾಡ್ತಾವ್ಳೆ ಅಂತ ಹೇಳು.”

ಮಗಳ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೋ ನಾಚಿಕೆಗೋ ನಾನು ಕೇಳಲಿಲ್ಲ. ಆದರೆ ಈ ಸಲ ಎಲ್ಲವನ್ನೂ ಹೇಳಿದಳು. ಹೊತ್ತು ಹಿಡಿಯಿತು. ಗೋಡೆ, ಚರಂಡಿ, ಕೊನೆಗೆ ಫ್ರಿಜ್ಜಿನ ಮೇಲಿನ ಚಿತ್ರ. ಉಲ್ಲನ್ ಅಂಗಡಿಯವಳು ಹೆಣಿಗೆ ಕಡ್ಡಿ ಕೆಳಗಿಟ್ಟು ಕೇಳಿದಳು. ಮಗಳು ಮುಗಿಸಿದ ಮೇಲೆ ಅವಳು ನಕ್ಷೆಯನ್ನು ನಮ್ಮ ಕಡೆ ತಿರುಗಿಸಿ ಒಂದು ಖಾನೆಯ ಮೇಲೆ ಬೆರಳಿಟ್ಟಳು. ಅವಳಿಗೆ ಕೊಡುತ್ತೇವೆ ಅಂದ ಅಂಗಡಿ. ಮಗಳು ಬಗ್ಗಿ ಓದಿದಳು, ಮತ್ತೆ ಓದಿದಳು.

“ಏನೈತೇ ಅದ್ರ ಮುಂದೆ?”

“ಕಸದ ಬಿನ್ ಇಡೋ ಜಾಗ. ಆಮೇಲೆ ಸೈಕಲ್ ಸ್ಟ್ಯಾಂಡ್. ಆಮೇಲೆ ಗೋಡೆ.” ಮಗಳ ದನಿ ಇಳಿದಿತ್ತು. “ಮುಂದೆ ಚೌಕದ ಕಡೆ ಇರೋ ಶಾಪ್‌ಗೆ ಬಾಡಿಗೆ ಜಾಸ್ತಿಯಂತೆ.”

ಅಂಗಡಿಯವಳು ನನ್ನ ಮುಖ ನೋಡಿ ಏನೋ ಅಂದು ನಕ್ಕಳು. ಮಗಳೂ ಮೂಗು ಒರೆಸಿಕೊಂಡು ನಕ್ಕಳು. “ನೀವು ವಾಸ್ತು ಕೇಳಿ ಗೋಡೆ ಕಡೆ ತಿರುಗಿದ್ರಿ. ನನ್ನನ್ನ ಪುಕ್ಕಟೆಯಾಗೇ ತಿರುಗಿಸ್ತಿದ್ದಾರೆ ಅಂತಾರೆ.”

ಮುಂದಿನ ವಾರ ಅವಳು ಕೀ ಕೊಟ್ಟುಬಿಟ್ಟಳು. ಹೊಸ ಅಂಗಡಿ ಬೇಡ ಅಂದಳು. ನನಗೆ ಸಿಟ್ಟು ಬಂತು. ಅವಳು ಜಗ್ಗದೆ ಕೂರುತ್ತಾಳೆ, ಚೌಕದ ಕಡೆಯದನ್ನೇ ಕೇಳುತ್ತಾಳೆ ಅಂದುಕೊಂಡಿದ್ದೆ. ಮಗಳನ್ನು ಎಳೆದುಕೊಂಡು ಹೋಗಿ ಕೇಳಿಸಿದೆ, ನಾವು ಹೇಳಿದ್ದಕ್ಕಾ, ನಮ್ಮ ಮನೆಗಾಗಿಯಾ ಅಂತ. ಅವಳು ಕೈ ಬೀಸಿದಳು. ಮಗಳು ಹೇಳಿದ ಹಾಗೆ ಬರೆಯುತ್ತೇನೆ: “ನಿಮಗಾಗಿ ಅಲ್ಲ, ಅಷ್ಟು ಒಳ್ಳೆಯವಳಲ್ಲ ನಾನು. ನನ್ನ ಮಂಡಿ ಹೋಗಿದೆ, ನನ್ನ ಹಿಂದೆ ಯಾರೂ ಇಲ್ಲ. ಎಲ್ರೂ ಹೊಸ ಅಂಗಡಿ ಚೆನ್ನಾಗಿರುತ್ತೆ ಚೆನ್ನಾಗಿರುತ್ತೆ ಅಂದ್ರು. ಒಬ್ರಾದ್ರೂ ನಿಜ ಹೇಳ್ಲಿ ಅಂತ ಕಾಯ್ತಿದ್ದೆ. ಗೋಡೆ ನೋಡ್ಕೊಂಡು ಕೂರೋದಕ್ಕೆ ಅಂಗಡಿ ಯಾಕೆ, ನೇಸ್ ಊರಲ್ಲಿ ನನ್ನ ತಂಗಿ ಮನೆ ಇದೆ.”

ಕೊನೆಯ ದಿನಗಳಲ್ಲಿ ಅಂಗಡಿ ತುಂಬ ಜನ. ವರ್ಷಗಟ್ಟಲೆ ಓಣಿಗೆ ಕಾಲಿಡದವರೆಲ್ಲ ಬಂದು ಅಯ್ಯೋ ಪಾಪ ಅಂದು ಅಗ್ಗದ ಉಲ್ಲನ್ ಹೊತ್ತುಕೊಂಡು ಹೋದರು. ನಮ್ಮ ಮಾರ್ಕೆಟ್ಟಿನಲ್ಲಿ ಒಂದು ರೂಢಿ ಇತ್ತು. ಹೂವಿನವಳು ಬುಟ್ಟಿ ಎತ್ತುವಾಗ ಜಾಗವನ್ನು ಬರಿದು ಬಿಡುತ್ತಿರಲಿಲ್ಲ, ಗೇಣುದ್ದ ಹೂವು ಕೂತ ಜಾಗದಲ್ಲಿ ಇಟ್ಟು ಹೋಗುತ್ತಿದ್ದಳು. ಉಲ್ಲನ್ ಅಂಗಡಿಯವಳು ಕೊನೆಯ ಸಲ ಬಾಗಿಲು ಎಳೆದುಕೊಂಡಾಗ ನಾನು ಉಲ್ಲನ್ ಮಾಲೆಯನ್ನು ಬಾಗಿಲ ಹಿಡಿಗೆ ಕಟ್ಟಿದೆ. ಅವಳು ನೋಡಿದಳು, ಗಂಟು ಬಿಚ್ಚಿದಳು, ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಒಡೆಯುವವರಿಗೆ ಯಾಕೆ ಅನ್ನುವ ಹಾಗೆ ಗೋಡೆ ಕಡೆ ಗಲ್ಲ ತಿರುಗಿಸಿದಳು. ಸರಿಯೇ ಅನ್ನಿಸಿತು. ಸ್ಟೂಲನ್ನು ನನ್ನ ಕೈಗೆ ಕೊಟ್ಟಳು.

ಕಟ್ಟಡ ಏಳುವವರೆಗೆ ನಾವು ಊರಾಚೆ ಇಕ್ಕಟ್ಟಿನ ಬಾಡಿಗೆ ಮನೆಯಲ್ಲಿದ್ದೆವು. ಆಮೇಲೆ ಇಲ್ಲಿಗೆ ಬಂದೆವು. ಹಾಲು ಉಕ್ಕಿಸುವ ದಿನ ಬೀಗತಿ ವಿಡಿಯೋದಲ್ಲಿ ಬಾಗಿಲು ಯಾವ ದಿಕ್ಕು ಅಂತ ಕೇಳಿದರು. ಅಳಿಯ ಫೋನಿನಲ್ಲಿ ದಿಕ್ಕು ನೋಡಿ ಮುಖ ಸಣ್ಣಗೆ ಮಾಡಿಕೊಂಡು ಬಂದ.

“ಅತ್ತೆ, ದಕ್ಷಿಣ ಬರ್ತಿದೆ. ನಿಮಗೇನೂ ಅನ್ಸಲ್ವಾ?”

“ಲಿಫ್ಟ್ ಯಾವ್ ಕಡೆ ಐತೋ ಆ ಕಡೆ ಬಾಗ್ಲು ಇರ್ಲಿ ಬಿಡಪ್ಪ. ಹಾಲು ಉಕ್ತು, ಬಾ.”

ಉಲ್ಲನ್ ಅಂಗಡಿಯವಳಿಗೆ ಕೊಡುತ್ತೇವೆ ಅಂದಿದ್ದ ಅಂಗಡಿ ಇನ್ನೂ ಖಾಲಿಯೇ ಇದೆ. ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿದ್ದಾರೆ. ಕಸ ಹಾಕಲು ಹೋದಾಗಲೆಲ್ಲ ನೋಡುತ್ತೇನೆ.

ಅವಳು ಆಗಾಗ ನೇಸ್‌ನಿಂದ ಬಸ್ಸು ಬದಲಾಯಿಸಿಕೊಂಡು ಬರುತ್ತಾಳೆ. ಮೊದಲ ಸಲ ಬಂದಾಗ ಅಡುಗೆಮನೆ ಕಿಟಕಿಯಲ್ಲಿ ಬಗ್ಗಿ ಅತ್ತ ಇತ್ತ ನೋಡಿ, ದೂರದ ಚರ್ಚಿನ ಗೋಪುರ ಹಿಡಿದು ಅಂದಾಜು ಮಾಡಿ, ಕೋಲಿನಿಂದ ನೆಲ ತಟ್ಟಿದಳು. ಪಾತ್ರೆ ತೊಳೆಯುವ ಸಿಂಕಿನ ಕೆಳಗೆ. ಅವಳ ಕೌಂಟರ್ ಅಲ್ಲಿತ್ತು. ನಾನು ತಲೆಯಾಡಿಸಿದೆ. ಅವತ್ತು ಸುಳ್ಳು ಹೇಳಿಸಿ ಈ ಮನೆಗೆ ಬಂದಿದ್ದರೆ ಅವಳಿಗೆ ಬಾಗಿಲು ತೆಗೆಯಲು ನನಗೆ ಮುಖ ಇರುತ್ತಿರಲಿಲ್ಲ. ಮಗಳಿಗೂ ಇರುತ್ತಿರಲಿಲ್ಲ. ಈಗ ಅವಳು ಬರುತ್ತಾಳೆ ಅಂದರೆ ಮಗಳೇ ಬಸ್ ಸ್ಟಾಪಿಗೆ ಹೋಗಿ ಕರೆತರುತ್ತಾಳೆ.

ಅವಳು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಹೆಣೆಯುತ್ತಾಳೆ. ನಾನು ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತೇನೆ. ಸ್ಟೂಲಿನ ಒಂದು ಕಾಲು ಅಲ್ಲಾಡುತ್ತದೆ, ಎಸೆಯೋಣ ಅಂತ ಅಳಿಯ ಹೇಳುತ್ತಲೇ ಇದ್ದಾನೆ. ಮೊಳೆ ಹೊಡೆದುಕೊಡು ಅಂತ ನಾನೂ ಹೇಳುತ್ತಲೇ ಇದ್ದೇನೆ.