ಹೊಸಿಲ ಬಳಿ ನಿಲ್ಲುವ ಯಂತ್ರ

ಪೆರುಂಗುಡಿಯ ನಮ್ಮ ಲ್ಯಾಬಿನಲ್ಲಿ ಎರಡು ಕಾಲಿನ ಒಂದು ರೋಬೋ ಇದೆ. ಇಂಜಿನಿಯರಿಂಗ್ ಮಕ್ಕಳ ಪಾಠಕ್ಕೆಂದು ಶುರು ಮಾಡಿದ್ದು. ಅದಕ್ಕೆ ನಡೆಯಲು ಕಲಿಸಿದ್ದು ನನ್ನ ಅಪ್ಪ.

ತಮಾಷೆಯಲ್ಲ. ಯಂತ್ರ ನಡೆಯಲು ಕಲಿಯಬೇಕಾದರೆ ಮೊದಲು ಮನುಷ್ಯರೊಬ್ಬರು ಮೈತುಂಬ ಸೆನ್ಸರ್ ಕಟ್ಟಿಕೊಂಡು ನಡೆದು ತೋರಿಸಬೇಕು. ನಮಗೆ ಹುಷಾರಾಗಿ ಹೆಜ್ಜೆ ಇಡುವ ವಯಸ್ಸಾದವರು ಬೇಕಿತ್ತು. ಪಲ್ಲಾವರಂನ ಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದ ಅಪ್ಪನನ್ನು ಎಬ್ಬಿಸಿಕೊಂಡು ಬಂದೆ. ಪಂಚೆಯ ಮೇಲೆ ಬೆಲ್ಟು ಬಿಗಿಸಿಕೊಂಡು ಒಂದು ವಾರ ನಡೆದರು. "ಇಷ್ಟು ನಡೆಸ್ತೀರಲ್ಲ, ಒಂದು ಒಳ್ಳೇ ಕಾಫಿ ಕೊಡೋ ಯೋಗ್ಯತೆ ಇಲ್ವಾ ನಿಮ್ಮ ಆಫೀಸಿಗೆ?" ಎಂದು ಗೊಣಗಿದರು.

ಪರೀಕ್ಷೆಗೆ ಒಂದು ಮರದ ಬಾಗಿಲು ನಿಲ್ಲಿಸಿದ್ದೆವು. ಅಪ್ಪ ಅದನ್ನೂ ಮನೆಯ ಬಾಗಿಲಿನಂತೆಯೇ ದಾಟಿದರು. ಹೊಸಿಲು ತುಳಿಯಬಾರದು, ಬಲಗಾಲೇ ಮುಂದೆ. ಎಡಮಂಡಿ ನೋವಿದ್ದುದರಿಂದ ಮೊದಲು ನಿಂತು, ಎಡಗೈಯಲ್ಲಿ ಚೌಕಟ್ಟು ಹಿಡಿದು, ಆಮೇಲೆ ಬಲಗಾಲು. ಯಂತ್ರ ಅಷ್ಟನ್ನೂ ಹಾಗೇ ಕಲಿತುಬಿಟ್ಟಿತು.

ಮರುವರ್ಷ ಅಪ್ಪ ಹೋದರು. ಕರ್ಮವೆಲ್ಲ ಮುಗಿಸಿ ಕೆಲಸಕ್ಕೆ ಬಂದ ದಿನ, ಅದು ಬಾಗಿಲ ಹತ್ತಿರ ಬಂದು ನಿಂತು ಎಡಗೈ ಎತ್ತಿತು. ಆಮೇಲೆ ಅದಕ್ಕೆ ಬೆನ್ನು ಹಾಕಿ ಕೂರಲು ಆಗಲೇ ಇಲ್ಲ. ಹಿಂದೆ ಹೆಜ್ಜೆಯ ಸದ್ದು ನಿಂತಾಗಲೆಲ್ಲ, ಈಗ ನನ್ನನ್ನು ಕರೆಯುತ್ತಾರೆ ಅನ್ನಿಸುತ್ತಿತ್ತು.

ಅಮ್ಮನ ಹತ್ತಿರ ಬಾಯಿ ಬಿಟ್ಟದ್ದು ನನ್ನ ದಡ್ಡತನ. ನೋಡಲೇಬೇಕೆಂದು ಹಟ ಹಿಡಿದಳು. ಪ್ರತಿ ಶನಿವಾರ ಬಂದು ಬಾಗಿಲ ಆಚೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಅದು ಬಂದು ನಿಂತ ಕೂಡಲೇ, ಮನೆಯಲ್ಲಿ ಅಪ್ಪನಿಗೆ ಹೇಳುತ್ತಿದ್ದ ಹಾಗೆಯೇ, "ನಿಧಾನ, ಹೊಸಿಲಿದೆ" ಅನ್ನುತ್ತಿದ್ದಳು. ಲ್ಯಾಬಿನಲ್ಲಿ ಯಾರೂ ನಗಲಿಲ್ಲ. ಶನಿವಾರ ಮಾತ್ರ ಅಮ್ಮ ಹೊಟ್ಟೆ ತುಂಬ ಊಟ ಮಾಡುತ್ತಿದ್ದಳು.

ಆಮೇಲೆ ಸೈನ್ಯದವರು ಬಂದರು. ಶತ್ರು ಅಡಗಿರುವ ಮನೆಗೆ ಮೊದಲು ನುಗ್ಗಲು ಅವರಿಗೆ ಯಂತ್ರ ಬೇಕಿತ್ತು. ಬಂದ ಅಧಿಕಾರಿ ಮೈಸೂರು ಕಡೆಯವರು.

"ಅದ್ಯಾಕಮ್ಮ ಬಾಗಿಲಲ್ಲಿ ನಿಲ್ಲತ್ತೆ?" ಎಂದು ಕೇಳಿದರು.

"ಕಲಿತಿದ್ದೇ ಹಾಗೆ," ಎಂದೆ.

"ನಿಂತ್ರೆ ಹೊಡೀತಾರೆ. ಇದರ ಬೆನ್ನಿಗೇ ನಮ್ಮ ಹುಡುಗರಿರ್ತಾರೆ. ತೆಗೆದುಹಾಕಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಒಬ್ಬ ಯುವಕ ಸೈನಿಕನನ್ನು ಕರೆಸಿ, ಅವನ ನಡಿಗೆಯನ್ನು ಕಲಿಸಿದೆವು. ಹಳೆಯ ನಡಿಗೆಯ ಒಂದು ಪ್ರತಿ ಎತ್ತಿಡುವುದು ನಮ್ಮಲ್ಲಿ ವಾಡಿಕೆ. ಅದಕ್ಕೆ ಐದು ನಿಮಿಷ ಸಾಕು. ನಾನು ಎತ್ತಿಡಲಿಲ್ಲ. ಮರೆತೆ ಎಂದು ಲ್ಯಾಬಿನಲ್ಲಿ ಹೇಳಿದೆ. ಸುಳ್ಳು. ಬೆನ್ನ ಹಿಂದೆ ಬಂದು ನಿಲ್ಲುವ ಆ ಹೆಜ್ಜೆಯಿಂದ ನನಗೆ ಬಿಡುಗಡೆ ಬೇಕಿತ್ತು. ಅಳಿಸುವಾಗ ಅಮ್ಮನ ನೆನಪು ಬರಲಿಲ್ಲವೇ ಎಂದರೆ, ಬಂತು. ಆದರೂ ಅಳಿಸಿದೆ.

ಶನಿವಾರ ಅಮ್ಮ ಬಂದು ಕೂತಳು. ಹೇಳಿಬಿಡೋಣವೆಂದು ಮೂರು ಸಲ ಬಾಯಿ ತೆರೆದೆ, ಧೈರ್ಯ ಸಾಲಲಿಲ್ಲ. ಯಂತ್ರ ಬಂತು. ಅಮ್ಮ "ನಿಧಾ..." ಅನ್ನುವಷ್ಟರಲ್ಲಿ ದಡದಡನೆ ಹೊಸಿಲು ದಾಟಿ, ಅವಳ ಪಕ್ಕದಲ್ಲೇ ಹಾದು ಹೋಗಿಬಿಟ್ಟಿತು. ಅಮ್ಮ ತಿರುಗಿ ಅದರ ಬೆನ್ನನ್ನೇ ನೋಡಿದಳು. ಬೈಯಲಿ, ಅಳಲಿ ಎಂದು ಕಾದೆ.

"ಪಾಪ," ಎಂದಳು ಕೊನೆಗೆ, "ಅಂತೂ ಮಂಡಿ ನೋವು ಹೋಯ್ತು ಅವರಿಗೆ."

ಮುಂದಿನ ಶನಿವಾರ ಆಟೋ ಕರೆದೆ. ಅಮ್ಮ ಸೀರೆ ಬದಲಾಯಿಸಿರಲಿಲ್ಲ.

"ನೀನು ಹೋಗಿ ಬಾ," ಅಂದಳು. "ಅವರಿಗೆ ವಾಸಿಯಾಗಿದೆಯಲ್ಲ. ಇನ್ನು ನಿಧಾನ ಅನ್ನೋಕೆ ನಾನ್ಯಾಕೆ?"